ಗೋದಲಿಗೆ ಬೆನ್ನು ಮಾಡಿ ನಿಂತ ಅಮೆರಿಕದ ಮೋಟಾರಿಗೆ

ಬೈಲಹೊಂಗಲ
ಜ್ಯೇಷ್ಠ ಮಾಸ, ೧೯೨೪

ಅಮೆರಿಕ ದೇಶದಲ್ಲಿ ಹುಟ್ಟಿ, ಮುಂಬಯಿ ಬಂದರದಲ್ಲಿ ಇಳಿದು, ಕಿತ್ತೂರಿನ ಹುಣಸೆಮರದ ಕೆಳಗೆ ಬಹುಕಾಲ ವಾನಪ್ರಸ್ಥದಲ್ಲಿದ್ದು, ಸದ್ಯ ನಮ್ಮ ದನದ ಕೊಟ್ಟಿಗೆಯಲ್ಲಿ ಬಿಡಾರ ಹೂಡಿರುವ, ಹಿತ್ತಾಳೆ ಮೂತಿಯ, ಎರಡು ದೀಪಗಣ್ಣುಗಳ ಮಹಾಮೋಟಾರು ಗಾಡಿಯವರ ಸನ್ನಿಧಾನಕ್ಕೆ ಕಾಡಪ್ಪನು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ಗೊತ್ತಿದೆ, ಏಕೆಂದರೆ ತಮ್ಮ ಮೈ ಒರೆಸಿ ಈಗಷ್ಟೇ ಒಳಗೆ ಬಂದಿದ್ದೇನೆ. ನನ್ನ ಕ್ಷೇಮವನ್ನು ತಾವು ಇದುವರೆಗೆ ಕೇಳಿಲ್ಲ.

ಮಾನ್ಯರೇ,

ಹಳೆಯ ಮೋಟಾರೊಂದನ್ನು ರಿಪೇರಿ ಮಾಡಿ ಹೊಸದರಂತೆ ನಿಲ್ಲಿಸುವ ಹವ್ಯಾಸ ನನಗೆ ಎಲ್ಲಿಂದ ಅಂಟಿತೋ ತಿಳಿಯದು. ನಮ್ಮ ಮನೆತನದಲ್ಲಿ ಹತ್ತಿ ಬೆಳೆದವರಿದ್ದಾರೆ, ಹತ್ತಿ ಮಾರಿದವರಿದ್ದಾರೆ, ಕುಸ್ತಿ ಆಡಿ ಹಲ್ಲು ಉದುರಿಸಿಕೊಂಡವರೂ ಇದ್ದಾರೆ, ಆದರೆ ತುಕ್ಕನ್ನು ಪ್ರೀತಿಸಿದವರು ನನಗಿಂತ ಮುಂಚೆ ಯಾರೂ ಇರಲಿಲ್ಲ. ಯಾವನೋ ಸಾಹೇಬ ಬಿಟ್ಟುಹೋದ ತಮ್ಮನ್ನು ಕಿತ್ತೂರಿನಲ್ಲಿ ಕಂಡಾಗ ತಮ್ಮ ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು, ಮತ್ತು ನಾನು ಆ ಕೋಳಿಯ ಅಪ್ಪಣೆ ಪಡೆದವನಂತೆ ಕೈಮುಗಿದು, ಅಲ್ಲಿಯೇ ನನ್ನ ಬಿಳಿ ಕುದುರೆಯನ್ನು ಕೊಟ್ಟು ತಮ್ಮನ್ನು ಕೊಂಡೆ. ಕುದುರೆ ಹೊಸ ಯಜಮಾನನೊಂದಿಗೆ ನಾಗಾಲೋಟದಲ್ಲಿ ಹೋಯಿತು. ತಾವು ನಮ್ಮ ಜೋಡಿ ಎತ್ತುಗಳ ಹಿಂದೆ ಹಗ್ಗ ಕಟ್ಟಿಸಿಕೊಂಡು, ಮೆರವಣಿಗೆಯ ಗಾಂಭೀರ್ಯದಿಂದ, ಬೈಲಹೊಂಗಲಕ್ಕೆ ಬಿಜಯಂಗೈದಿರಿ.

ನಮ್ಮ ತಾಯಿ ರಾಚವ್ವನವರು ಬಾಗಿಲಲ್ಲಿ ನಿಂತು, "ಓಡೂ ಕುದರಿ ಕೊಟ್ಟು ಎಳಿಯೂ ಕಬ್ಬಣ ತಂದಿಯಲ್ಲೋ ಕಾಡಪ್ಪಾ" ಎಂದು ತಮ್ಮನ್ನು ಸ್ವಾಗತಿಸಿದ್ದು ತಮಗೆ ನೆನಪಿರಬಹುದು. ಆದರೆ ಅವರು ರೀತಿ ಬಿಡುವವರಲ್ಲ. "ನಮ್ಮ ಎತ್ತಿನ ಬೆನ್ನ ಹತ್ತಿ ಬಂದೈತಿ, ಎತ್ತಿನ ಸಾಲಿನಾಗ ಕಟ್ರಿ" ಎಂದು ತೀರ್ಪು ಕೊಟ್ಟು, ಸಂತೆಯಿಂದ ತಂದ ಹೊಸ ಎತ್ತಿಗೆ ಮಾಡುವಂತೆ ತಮಗೂ ಆರತಿ ಬೆಳಗಿದರು, ಮೂತಿಗೆ ಅರಿಸಿನ ಹಚ್ಚಿದರು, ಮುಂದೆ ಒಂದು ಬುಟ್ಟಿ ಹತ್ತಿಕಾಳು ಇಟ್ಟರು. ಜೋಡಿಯಲ್ಲಿ ಕೆಂಬಣ್ಣದ ಕೆಂದ ಎತ್ತನ್ನು ಅಂಗಳಕ್ಕೆ ಹೊರಡಿಸಿ ಅದರ ಜಾಗದಲ್ಲಿ ತಮ್ಮನ್ನು, ಎತ್ತು ನಿಲ್ಲುವ ಹಾಗೆಯೇ, ಮೇವು ಹಾಕುವ ಗೋದಲಿಗೆ ಮುಖ ಮಾಡಿ ಕಟ್ಟಲಾಯಿತು. ದನದ ಗಂಜಳ ಹಿಂದಕ್ಕೆ ಹರಿದುಹೋಗಲೆಂದು ನಮ್ಮ ಅಜ್ಜ ಆ ನೆಲವನ್ನು ಗೋದಲಿಯ ಕಡೆ ಎತ್ತರವಾಗಿ, ಬಾಗಿಲ ಕಡೆ ಇಳಿಜಾರಾಗಿ, ಬಹಳ ಧಾರಾಳ ಮನಸ್ಸಿನಿಂದ ಕಟ್ಟಿಸಿದ್ದರು. ತಾವು ತಲೆ ಮೇಲೆತ್ತಿ, ಬಾಲ ತಗ್ಗಿಸಿ, ಸಿಂಹಾಸನದಲ್ಲಿ ಒರಗಿದವರಂತೆ ಕಾಣುತ್ತಿದ್ದಿರಿ.

ಆಮೇಲೆ ನಾನು ತಮಗೆ ಮಾಡಿದ ಸೇವೆಯನ್ನು ಹೇಳಿಕೊಳ್ಳುವುದು ಸಭ್ಯತೆಯಲ್ಲ, ಆದರೂ ಹೇಳುತ್ತೇನೆ. ತಮ್ಮ ಒಂದೊಂದು ತಿರುಪನ್ನೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ಮೀಯಿಸಿ, ನಮ್ಮ ತಾಯಿಯವರ ಹಪ್ಪಳದ ಹಾಸಿಗೆಯ ಮೇಲೆ ಹಪ್ಪಳದ ಪಕ್ಕದಲ್ಲಿಯೇ ಒಣಗಿಸಿದೆ. ಅದರಿಂದ ಎರಡು ತಿರುಪು ಊಟಕ್ಕೆ ಬಂದವು, ಒಂದು ಹಪ್ಪಳ ತಮ್ಮ ಹೊಟ್ಟೆಗೆ ಹೋಯಿತು. ತಮ್ಮ ಕೀಲುಗಳಿಗೆ ಔಡಲೆಣ್ಣೆ ಉಣ್ಣಿಸಿದೆ. ಹರಿದ ರಬ್ಬರಿನ ಗಾಲಿಗಳಲ್ಲಿ ಗಾಳಿ ನಿಲ್ಲದಾದಾಗ, ಗಾದಿ ಹೊಲಿಯುವವನನ್ನು ಕರೆಸಿ, ಈ ಸೀಮೆಯ ಅತ್ಯುತ್ತಮ ಹತ್ತಿಯನ್ನು ಹಿಂಜಿಸಿ ಗಟ್ಟಿಯಾಗಿ ತುಂಬಿಸಿದೆ. ಮದುಮಗನ ಗಾದಿಗೂ ನಾವು ಇಂಥ ಹತ್ತಿ ಹಾಕುವುದಿಲ್ಲ. ಬೆಳಗಾವಿಯಿಂದ ಪೆಟ್ರೋಲು ತರಿಸಿ ತಮ್ಮ ಸೀಟಿನ ಕೆಳಗಿನ ಡಬ್ಬಿ ತುಂಬಿದೆ. ಆ ದಿನಗಳಷ್ಟು ಸುಖ ನಾನು ಬೇರೆಲ್ಲೂ ಉಂಡಿಲ್ಲ, ಇದನ್ನು ತಮ್ಮ ಎದುರಿಗೇ ನಾಚಿಕೆಯಿಲ್ಲದೆ ಹೇಳುತ್ತೇನೆ.

ಇನ್ನು ನನ್ನ ದೂರು. ತಮ್ಮನ್ನು ಎಬ್ಬಿಸುವ ಹ್ಯಾಂಡಲು ತಮ್ಮ ಮೂತಿಯ ಕೆಳಗಿದೆ, ತಮ್ಮ ಮೂತಿಯ ಮುಂದೆ ಗೋದಲಿ ಇದೆ, ಆದ್ದರಿಂದ ನಾನು ದಿನವೂ ಗೋದಲಿಯೊಳಗೆ ಇಳಿದು, ಜೋಳದ ಕಣಿಕೆಯಲ್ಲಿ ಮೊಣಕಾಲವರೆಗೆ ಹುಗಿದುಕೊಂಡು, ಹ್ಯಾಂಡಲು ತಿರುಗಿಸಬೇಕಾಯಿತು. ಪಕ್ಕದಲ್ಲಿ ಉಳಿದಿದ್ದ ಮಾಸಲು ಬಣ್ಣದ ಮಾಸ ಎತ್ತು ನನ್ನನ್ನು ಮೇವೆಂದು ತಿಳಿದು ಹೆಗಲು ನೆಕ್ಕಿ ನೆಕ್ಕಿ ಅಂಗಿಯ ತೋಳೊಂದನ್ನು ಪೂರ್ತಿ ತಿಂದಿತು. ತಾವು ಕೆಮ್ಮಲೂ ಇಲ್ಲ. ಅಂಗಳಕ್ಕೆ ಒಯ್ದು ನೋಡೋಣವೆಂದು ಮತ್ತೆ ಎತ್ತು ಕೇಳಿದರೆ ತಾಯಿಯವರು, "ಎದ್ದರ ತಾನ ಹೊರಗ ಬರತೈತಿ, ಏಳಲಿಲ್ಲಂದ್ರ ಹೊರಗ ಬಂದು ಏನ ಮಾಡತೈತಿ?" ಎಂದರು. ನಾನು ಮತ್ತೆ ಗೋದಲಿಗೆ ಇಳಿದೆ.

ತಾಯಿಯವರ ಸಿಟ್ಟಿಗೆ ಇನ್ನೊಂದು ಕಾರಣವಿತ್ತು, ಅದನ್ನು ತಾವು ತಿಳಿಯಲೇಬೇಕು. ಮೆಟ್ಟಿಲು ಜಾರಿ ಬಿದ್ದು ಸೊಂಟ ನೋಯಿಸಿಕೊಂಡ ಮೇಲೆ ಅವರಿಗೆ ಎತ್ತಿನ ಚಕ್ಕಡಿಯ ಕುಲುಕಾಟ ತಾಳಲಾಗದು. ಸಿರಸಂಗಿಯಲ್ಲಿರುವ ಅವರ ಅಕ್ಕ ಸುಂದರವ್ವನವರಿಗೆ ಕಣ್ಣು ಮಂಜಾಗುತ್ತಿದೆ. ಪೂರ್ತಿ ಕತ್ತಲಾಗುವ ಮೊದಲು ತಂಗಿಯ ಮುಖ ನೋಡಬೇಕೆಂದು ಅವರು ಹೇಳಿ ಕಳಿಸುತ್ತಲೇ ಇದ್ದರು. ನಾನು ತಮ್ಮ ಹಿತ್ತಾಳೆಯ ಮೇಲೆ ಕೈಯಿಟ್ಟು, "ಇದರಾಗ ಕರಕೊಂಡ ಹೋಗತೇನಬೇ" ಎಂದು ತಾಯಿಯವರಿಗೆ ಮಾತು ಕೊಟ್ಟಿದ್ದೆ. ತಾವು ಏಳದೆ ಕಳೆದ ಒಂದೊಂದು ದಿನವೂ ಆ ಮಾತಿನ ಬಡ್ಡಿಯೆಂದು ಹ್ಯಾಂಡಲನ್ನು ಇನ್ನೊಂದು ಸುತ್ತು ಹೆಚ್ಚು ತಿರುಗಿಸುತ್ತಿದ್ದೆ.

ಕಾರಹುಣ್ಣಿಮೆ ಹತ್ತಿರ ಬಂದಿತು, ಮೋಡ ಕಟ್ಟಿದವು, ಕೆಂದ ಎತ್ತು ಇನ್ನೂ ಅಂಗಳದಲ್ಲಿಯೇ ಇತ್ತು. ತಾಯಿಯವರು ಮಂಗಳವಾರ ತಮ್ಮನ್ನು ಕಂಬಾರ ಭರಮಪ್ಪನಿಗೆ ಒಪ್ಪಿಸುವುದಾಗಿ ಹೇಳಿ ಕಳಿಸಿದರು. ಅವನು ಸೋಮವಾರವೇ ಬಂದು, ತಮ್ಮ ಹೊಟ್ಟೆಯನ್ನು ಬೆರಳಿನಿಂದ ಬಾರಿಸಿ, "ಎವ್ವಾ, ಚಲೋ ಉಕ್ಕ ಐತ್ರಿ, ಊರ ಕುಂಟಿಗೆಲ್ಲಾ ಕುಡ ಹೊರಡತಾವ" ಎಂದು ಹೊಲದ ಕುಂಟೆಗಳ ಅಲಗನ್ನು ಈಗಲೇ ಎಣಿಸುತ್ತ ಸಂತೋಷಪಟ್ಟನು. ಮರುದಿನ ಮುಂಜಾನೆ ಎಂಜಿನ್ನು ಬಿಚ್ಚಲು ಅನುಕೂಲವಾಗುವಂತೆ ತಮ್ಮ ಮೂತಿಯನ್ನು ಬಾಗಿಲಿಗೆ ತಿರುಗಿಸಿ ನಿಲ್ಲಿಸಬೇಕೆಂದು ಕೇಳಿದನು.

ಎಳೆಯಲು ಎತ್ತು ಬೇಕು. ಆದರೆ ಸೋಮವಾರ ಬಸವಣ್ಣನ ವಾರ, ಅಂದು ನಮ್ಮಲ್ಲಿ ಎತ್ತಿನ ಹೆಗಲ ಮೇಲೆ ನೊಗ ಇಡುವವರಿಲ್ಲ. ಆದ್ದರಿಂದ ನಮ್ಮ ಆಳು ಜಟ್ಟೆಪ್ಪ ಓಣಿಯ ಗಂಡಸರನ್ನೆಲ್ಲ ಕೂಗಿ ಕರೆದು, ತಮ್ಮನ್ನು ಹಿಂದಕ್ಕೆ ದಬ್ಬಿ ಅಂಗಳಕ್ಕಿಳಿಸಿ, ತಿರುಗಿಸಿ, ಮತ್ತೆ ಬಾಲ ಮುಂದಾಗಿ ಕೊಟ್ಟಿಗೆಗೆ ನೂಕಿಸಿದನು. ಬೆವರು ಒರೆಸಿಕೊಂಡು, "ಗೋದಲಿಗೆ ಕುಂಡಿ ಮಾಡಿ ನಿಂತ ಎತ್ತು ನಾ ಹುಟ್ಟಿದಾಗಿಂದ ಕಂಡಿಲ್ರಿ ಧಣ್ಯಾರ" ಎಂದನು. ನನಗೆ ನಗು ಬರಲಿಲ್ಲ. ಕಡೆಯ ಸಲವೆಂದು ತಮ್ಮ ಹ್ಯಾಂಡಲನ್ನು, ಸತ್ತವರ ಕೈ ಹಿಡಿಯುವಂತೆ ಹಿಡಿದು, ಒಂದು ಸುತ್ತು ತಿರುಗಿಸಿದೆ.

ತಾವು ಎದ್ದಿರಿ! ಎದ್ದ ರೀತಿಯನ್ನು ಏನೆಂದು ವರ್ಣಿಸಲಿ! ಮಾಸ ಎತ್ತು ಕಣ್ಣಿ ಹರಿದುಕೊಂಡು ಅಡುಗೆಮನೆಗೆ ಹೋಯಿತು, ಭರಮಪ್ಪ ಗೋದಲಿಯೊಳಗೆ ಹಾರಿದನು, ತಮ್ಮ ಬಾಲದಿಂದ ಹೊಗೆಯೊಂದಿಗೆ ಹೊರಬಿದ್ದ ಸುಟ್ಟ ವಸ್ತುವನ್ನು ನಾನು ಈಗಲೂ ಹಪ್ಪಳವೆಂದೇ ನಂಬಿದ್ದೇನೆ. ಆಗ ನನಗೆ ತಿಳಿಯಿತು: ತಮ್ಮ ಪೆಟ್ರೋಲು ಸೀಟಿನ ಕೆಳಗಿನಿಂದ ಎಂಜಿನ್ನಿಗೆ ನೀರಿನಂತೆ ತಾನಾಗಿ ಹರಿದು ಬರಬೇಕು, ಏರಿ ಬರಲಾರದು. ಇಷ್ಟು ದಿನ ನಾವು ತಮ್ಮನ್ನು ಎತ್ತಿನಂತೆ ಕಟ್ಟಿ, ತಮ್ಮ ಬಾಯಿಯನ್ನು ಊಟಕ್ಕಿಂತ ಎತ್ತರದಲ್ಲಿಟ್ಟಿದ್ದೆವು. ಮಾನ್ಯರೇ, ಉಪವಾಸವಿದ್ದವರು ಒಂದು ಮಾತು ಹೇಳಬಾರದೇ? ನನ್ನ ಅಂಗಿಯ ತೋಳಾದರೂ ಉಳಿಯುತ್ತಿತ್ತು.

ಎಲ್ಲರೂ ತಾಯಿಯವರ ಮುಖ ನೋಡಿದರು. ಸೋಮವಾರ ತಮ್ಮನ್ನು ದುಡಿಸಬಹುದೇ? ಅವರು ತಮ್ಮ ಮೂತಿಯಿಂದ ಬಾಲದವರೆಗೆ ಒಂದು ಪ್ರದಕ್ಷಿಣೆ ಬಂದು, "ಹೂಡಿದವರ್ಯಾರು? ಯಾರೂ ಹೂಡಿಲ್ಲ, ತಾನ ಎದ್ದೈತಿ. ನಡಿ, ಅಕ್ಕನ ಊರಿಗೆ" ಎಂದು ಸೆರಗು ಬಿಗಿದು ಮುಂದಿನ ಸೀಟಿನಲ್ಲಿ ಕೂತರು.

ಆ ಪ್ರಯಾಣದಲ್ಲಿ ತಾವು ತೋರಿದ ವೈಭವಕ್ಕೆ ನಾನು ಋಣಿ. ಗಾಲಿಗಳು ಹತ್ತಿ ಉಗುಳುತ್ತಿದ್ದವು, ಹಿಂದೆ ತಿರುಗಿದರೆ ದಾರಿಯೆಲ್ಲ ಬೆಳ್ಳಗಾಗಿತ್ತು. ತಾಯಿಯವರು ಸೊಂಟ ಹಿಡಿದುಕೊಳ್ಳುವುದನ್ನು ಮರೆತು, ಹಾದಿಹೋಕರಿಗೆಲ್ಲ ತಮ್ಮ ಭೋಂಗಾವನ್ನು ಸ್ವತಃ ಒತ್ತಿ ಕೇಳಿಸಿದರು. ಆದರೆ ಮೊದಲ ಏರು ಬಂದ ಕೂಡಲೇ ತಾವು ನಿಂತಿರಿ. ಮೂತಿ ಮೇಲಾದರೆ ಉಪವಾಸ, ಇದು ಈಗ ನನಗೆ ಬಾಯಿಪಾಠ. ತಮ್ಮನ್ನು ತಿರುಗಿಸಿ, ಹಿಂದಕ್ಕೆ ಓಡುವ ಗೇರು ಹಾಕಿ, ಬೆನ್ನು ಮುಂದಾಗಿ ಏರು ಹತ್ತಿಸಿದೆ. ದಾರಿಯ ಎಲ್ಲ ಏರುಗಳಿಗೂ ಇದೇ ಮರ್ಯಾದೆ ಸಂದಿತು.

ಸುಂದರವ್ವನವರ ಮನೆ ದಿಬ್ಬದ ಮೇಲಿದೆ. ಅವರು ಕಟ್ಟೆಗೆ ಬಂದು, ಹಣೆಗೆ ಕೈ ಹಿಡಿದು, ಆ ಮಂಜುಗಣ್ಣಿನಲ್ಲಿ ನೋಡಿದ್ದೇನು? ಬಹಳ ಕಾಲದ ಮೇಲೆ ಬಂದ ತಂಗಿ, ಬೆನ್ನು ತೋರಿಸುತ್ತ, ಗುಡುಗುತ್ತ, ದಿಬ್ಬ ಹತ್ತುತ್ತಿದ್ದಾಳೆ. ಅವರು ಕಟ್ಟೆಯಿಂದಲೇ ಕೇಳಿದರು: "ರಾಚೀ, ನನ್ನ ಮ್ಯಾಲ ಇಷ್ಟ ಸಿಟ್ಟೇನವಾ? ಮಾರಿ ತೋರಸವಲ್ಲಿ." ನಮ್ಮ ತಾಯಿಯವರು ತಮ್ಮ ಎಂಜಿನ್ನಿನ ಸದ್ದನ್ನೂ ಮೀರಿ ಕೂಗಿದರು: "ಸಿಟ್ಟಿಲ್ಲಕ್ಕಾ, ಏರೈತಿ!" ಕೆಳಗಿಳಿದ ಮೇಲೆ ಅಕ್ಕ ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು, ಇಬ್ಬರೂ ಅತ್ತರು, ಆಮೇಲೆ ಏರಿನ ಮಾತು ನೆನೆದು ಕೂತಲ್ಲಿಯೇ ಉರುಳಾಡಿ ನಕ್ಕರು. ನಾನು ತಮ್ಮ ಬಿಸಿ ಮೂತಿಗೆ ಹಣೆ ಹಚ್ಚಿ ನಿಂತಿದ್ದೆ. ಹಣೆ ಸುಟ್ಟಿತು, ಅದನ್ನೂ ದೂರಿನಲ್ಲಿ ಸೇರಿಸಿಕೊಳ್ಳಬೇಕು.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ ಸ್ವಲ್ಪವೇ. ಬೈಲಹೊಂಗಲ ಸಿರಸಂಗಿಗಳ ನಡುವಿನ ಏರುಗಳನ್ನೆಲ್ಲ ತಮ್ಮ ಪ್ರಭಾವ ಬಳಸಿ ಇಳಿಜಾರು ಮಾಡಿಸಿಕೊಡಬೇಕು. ಅದು ಕಷ್ಟವಾದರೆ ತಮ್ಮ ಕಣ್ಣುಗಳನ್ನು ಬೆನ್ನಿನ ಕಡೆಗೆ ವರ್ಗ ಮಾಡಿಕೊಳ್ಳಬೇಕು. ಅದೂ ಆಗದಿದ್ದರೆ, ಏರಿನಲ್ಲಿ ಹಿಂದೆ ನೋಡಿ ನೋಡಿ ತಿರುಚಿಕೊಂಡ ನನ್ನ ಕುತ್ತಿಗೆ ಇನ್ನು ಮುಂದೆ ನೇರವಾಗುವಂತೆ ಆಶೀರ್ವದಿಸಬೇಕು.

ಇಂತಿ, ಗೋದಲಿಯಿಂದ ಬಿಡುಗಡೆ ಹೊಂದಿಯೂ ತಮ್ಮ ವಿಶ್ವಾಸಿ,
ಒಂದು ತೋಳಿನ ಅಂಗಿಯ ಕಾಡಪ್ಪ

ತಾ.ಕ.: ಮಂಗಳವಾರ ಭರಮಪ್ಪ ತನಗೆ ಒಪ್ಪಿಸುವೆವೆಂದಿದ್ದ ಕಬ್ಬಿಣ ಕೇಳಲು ಬಂದನು. ಆಡಿದ ಮಾತು ತಪ್ಪದ ನಮ್ಮ ತಾಯಿಯವರು, ತಮ್ಮ ಬದಲಿಗೆ, ನಮ್ಮ ಚಕ್ಕಡಿಯ ಗಾಲಿಗಳ ಕಬ್ಬಿಣದ ಹಳಿಗಳನ್ನು ಕಳಚಿ ಕೊಟ್ಟುಬಿಟ್ಟಿದ್ದಾರೆ. ಈಗ ಮನೆಯಲ್ಲಿ ಕುದುರೆಯಿಲ್ಲ, ಚಕ್ಕಡಿಯಿಲ್ಲ, ತಾವೊಬ್ಬರೇ ಇದ್ದೀರಿ. ಅಕ್ಕನ ಕಣ್ಣು ಇರುವ ತನಕ ಪ್ರತಿ ಸೋಮವಾರವೂ ಸಿರಸಂಗಿಗೆ ಹೋಗುವುದೆಂದು ಅವರು ಊರಿಗೆಲ್ಲ ಸಾರಿದ್ದಾರೆ, ಮತ್ತು ಎತ್ತಿಗೆ ನೊಗ ಇಡದ ಆ ವಾರ ತಾವು ಏಳದಿದ್ದರೆ ತಮ್ಮ ಮುಂದೆ ಯಾರನ್ನು ಹೂಡುವುದೆಂದು ನನ್ನ ಹೆಗಲನ್ನು ದಿಟ್ಟಿಸಿ ನೋಡುತ್ತಿದ್ದಾರೆ.