ಬ್ಯಾಟರಿ ಕಾರಿನ ಬೆನ್ನಿಗೊಂದು ಮನೆ

ಬ್ಯಾಟರಿ ಕಾರಿಗೆ ಕ್ಯಾರವಾನ್ ಕಟ್ಟಿಕೊಂಡವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಹಿಂದಿನಿಂದ ಬರುತ್ತವೆ.

ಕ್ಯಾರವಾನ್ ಅಂದರೆ ಕಾರಿನ ಹಿಂದೆ ಎಳೆದುಕೊಂಡು ಹೋಗುವ, ಚಕ್ರ ಇರುವ ಪುಟ್ಟ ಮನೆ. ಒಳಗೆ ಹಾಸಿಗೆ, ಒಲೆ, ಒಂದು ಕಿಟಕಿ. ಇಲ್ಲಿ ಒಮಾನಿನಲ್ಲಿ, ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿದ್ದ ಬಿಳಿಯ ಮೇಷ್ಟ್ರೊಬ್ಬರು ತಮ್ಮ ದೇಶಕ್ಕೆ ಮರಳುವಾಗ ಅದನ್ನು ನನಗೆ ದಾಟಿಸಿದರು. ನನ್ನ ಕಾರು ಕರೆಂಟಿನದ್ದು. ಎಳೆಯುತ್ತದಾ ಅಂತ ಹೆಂಡತಿ ಕೇಳಿದಳು. ಎಳೆಯುತ್ತದೆ ಅಂದೆ. ಎಷ್ಟು ದೂರ ಅಂತ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಂಗಡಿಯವರ ಚಿಂತೆ

ಅಲ್ ಅಜೈಬಾದ ನಮ್ಮ ಕಟ್ಟಡದ ಮುಂದೆ ಅದನ್ನು ನಿಲ್ಲಿಸಿದ ಸಂಜೆಯೇ ಕೆಳಗಿನ ಅಂಗಡಿಯ ಬ್ಯಾರಿ ಸಾಹೇಬರು ಮೆಲ್ಲ ಹತ್ತಿರ ಬಂದರು. ಉಳ್ಳಾಲದವರು, ನಮಗೆಲ್ಲ ಬೇಕಾದವರು.

“ಎಂತ ಸಾರ್, ಕೆಲಸ ಖಲಾಸಾ?”

“ಇಲ್ಲಪ್ಪ.”

ಅವರು ಸ್ವರ ಇನ್ನೂ ತಗ್ಗಿಸಿದರು. “ಮತ್ತೆ? ಓನರ್ ಮನೆ ಬಿಡಿಸಿದ್ರಾ? ನಾಚಿಕೆ ಮಾಡ್ಬೇಡಿ, ರೂವಿಯಲ್ಲಿ ನನ್ನ ತಮ್ಮನ ಕೋಣೆ ಖಾಲಿ ಉಂಟು.”

“ಅಯ್ಯೋ, ಹಾಗಲ್ಲ. ರಜೆಯಲ್ಲಿ ಖುಷಿಗೆ ಹೋಗಿ ಇದರಲ್ಲೇ ಮಲಗುವುದು.”

ಇಷ್ಟು ಹೇಳಿದ ಮೇಲೆ ಅವರ ಮುಖ ನಿಜವಾಗಿ ಬಾಡಿತು.

“ಇಷ್ಟು ಒಳ್ಳೆ ಮನೆ ಇದ್ದೂ ಹೊರಗೆ ಮಲಗುವುದಾ? ಮೇಡಮ್ ಜೊತೆ ನಾನು ಮಾತಾಡ್ಲಾ ಸಾರ್?”

ಅತ್ತೆಯ ಜಪಮಾಲೆ

ಮೊದಲ ಪ್ರಯಾಣ ನಿಜ್ವಾ ಕಡೆಗೆ. ಉಡುಪಿಯಿಂದ ಬಂದಿದ್ದ ಅತ್ತೆಯೂ ಜೊತೆಗಿದ್ದರು. ಗುಡ್ಡಗಳ ನಡುವೆ ರಸ್ತೆ ಏರತೊಡಗಿದ್ದೇ ತಡ, ಪರದೆಯ ಮೇಲಿನ ಚಾರ್ಜ್ ಕರಗತೊಡಗಿತು. ಬೆನ್ನ ಮೇಲೆ ಮನೆ ಹೊತ್ತ ಕಾರು, ಪಾಪ, ಏನು ಮಾಡೀತು? ಮುಂದಿನ ಚಾರ್ಜಿಂಗ್ ಜಾಗ ಮುಟ್ಟುತ್ತೇವೋ ಇಲ್ಲವೋ ಎಂದು ಎ.ಸಿ. ಆರಿಸಿದೆ. ಬೆವರು ಇಳಿಯಿತು. ಹೆಂಡತಿ ಕಿಟಕಿ ಇಳಿಸಿ ಸೆರಗಿನಲ್ಲೇ ಗಾಳಿ ಹಾಕಿಕೊಂಡಳು. ಅತ್ತೆ ಮಾತ್ರ ಜಪಮಾಲೆ ತೆಗೆದು ಕಣ್ಣು ಮುಚ್ಚಿದರು.

ಅಷ್ಟರಲ್ಲಿ ಏರು ಮುಗಿದು ಇಳಿಜಾರು ಸಿಕ್ಕಿತು. ಇಳಿಯುವಾಗ ಈ ಕಾರು ತಾನೇ ಒಂದಿಷ್ಟು ಕರೆಂಟು ಮಾಡಿಕೊಳ್ಳುತ್ತದೆ. ಅತ್ತೆ ಕಣ್ಣು ಬಿಟ್ಟಾಗ ಚಾರ್ಜ್ ತುಸು ಮೇಲೇರಿತ್ತು. ನಾನು ವಿಜ್ಞಾನ ವಿವರಿಸಲು ಬಾಯಿ ತೆರೆದೆ. ಅವರು ಕೈಯಲ್ಲೇ ತಡೆದರು.

“ಒಳ್ಳೆ ಗಾಡಿ ತಗೊಂಡಿದ್ದೀ ಪುತಾ. ಪೆಟ್ರೋಲಿನದ್ದಾದರೆ ಎಷ್ಟು ಪ್ರಾರ್ಥನೆ ಮಾಡಿದರೂ ಟ್ಯಾಂಕಿ ತುಂಬುವುದಿಲ್ಲ.”

ಮೂರು ಕರಕ್

ಚಾರ್ಜಿಂಗ್ ಜಾಗವನ್ನು ಹೇಗೋ ಮುಟ್ಟಿದೆವು. ಆದರೆ ಅಲ್ಲಿ ಕಾರೊಂದಕ್ಕೇ ಸ್ಥಳ, ಬಾಲಕ್ಕಿಲ್ಲ. ಕ್ಯಾರವಾನ್ ಬಿಚ್ಚಿ, ಅದರ ಕಿಟಕಿ ರಸ್ತೆಗೆ ಮುಖ ಮಾಡುವಂತೆ ನಿಲ್ಲಿಸಿದೆ.

“ರಜೆ ಅಂತ ಕರ್ಕೊಂಡು ಬಂದು ಪ್ಲಗ್ಗಿನ ಹತ್ತಿರ ಕೂರಿಸಿದ್ರಲ್ಲ!” ಅಂದ ಹೆಂಡತಿ, ಸಿಟ್ಟಿನಲ್ಲೇ ಕಿಟಕಿ ತೆರೆದು ಚಹಾಕ್ಕಿಟ್ಟಳು. ಏಲಕ್ಕಿಯ ಪರಿಮಳ ರಸ್ತೆಯವರೆಗೆ ಹೋಯಿತು.

ಬಿಳಿ ಕಾರೊಂದು ನೇರ ನಮ್ಮ ಕಿಟಕಿಯ ಮುಂದೆ ಬಂದು ನಿಂತು ಹಾರ್ನ್ ಹೊಡೆಯಿತು. ಇಲ್ಲಿ ಚಹಾದಂಗಡಿಗೆ ಬಂದವರು ಕಾರಿನಿಂದ ಇಳಿಯುವುದಿಲ್ಲ, ಹಾರ್ನ್ ಹೊಡೆದರೆ ಕರಕ್ ಎನ್ನುವ ಗಟ್ಟಿ ಹಾಲಿನ ಚಹಾವೇ ಕಾರಿಗೆ ಬರುತ್ತದೆ. ಒಳಗಿದ್ದ ಒಮಾನಿ ಅಜ್ಜ ಬೆರಳೆತ್ತಿ ತೋರಿಸಿದರು.

“ಮೂರು ಕರಕ್! ಸಕ್ಕರೆ ಕಮ್ಮಿ!”

ಇದು ಅಂಗಡಿಯಲ್ಲ ಎಂದು ಹೇಳಲು ನಾನು ಓಡಿದೆ.

“ಸುಮ್ನಿರಿ,” ಹೆಂಡತಿ ಗದರಿದಳು. “ಬಾಯಿಬಿಟ್ಟು ಚಹಾ ಕೇಳಿದವರಿಗೆ ಇಲ್ಲ ಅನ್ನುವುದಾ?”

ಚಹಾ ಹೋಯಿತು. ಹಿಂದೆಯೇ ಅತ್ತೆ ಊರಿನಿಂದ ತಂದ ಚಕ್ಕುಲಿಯೂ ಹೋಯಿತು. ಲೋಟ ಹೊತ್ತುಕೊಂಡು ಓಡಿದವನು ನಾನೇ. ಅಜ್ಜ ದುಡ್ಡು ತೆಗೆದರು, ಇವಳು ಮುಟ್ಟಲಿಲ್ಲ. ಕೊನೆಗೆ ಒಂದು ಡಬ್ಬಿ ಖರ್ಜೂರ ಕೈಗಿಟ್ಟರು. ಅಷ್ಟರಲ್ಲಿ ಅವರ ಹಿಂದೆ ಇನ್ನೊಂದು ಕಾರು ನಿಂತು ಹಾರ್ನ್ ಹೊಡೆಯುತ್ತಿತ್ತು.

ಹೆಂಡತಿಯ ಸಿಟ್ಟು ಎಲ್ಲಿ ಹೋಯಿತೋ! ಸೆರಗು ಸಿಕ್ಕಿಸಿ ಇನ್ನಷ್ಟು ಹಾಲು ಸುರಿದಳು.

ಹೊರಡುವ ಮೊದಲು ಅಜ್ಜ ತಮ್ಮ ಹಿಂದಿಯಲ್ಲಿ ಕೇಳಿದರು, “ಚಹಾ ಬಹಳ ಚೆನ್ನಾಗಿದೆ. ನಾಳೆಯೂ ಇಲ್ಲೇ ಇರ್ತೀರಾ?”

ಅವಳು ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಇನ್ನೂ ನಿಧಾನಕ್ಕೆ ಕರೆಂಟು ಕುಡಿಯುತ್ತಿದ್ದ ಕಾರನ್ನು.

“ನಾಳೆ ಎಂತ ಬಾಬಾ, ಮುಂದಿನ ವರ್ಷದ ಈದ್ ತನಕ ಯಾವಾಗ ಬೇಕಾದರೂ ಬನ್ನಿ!”