ಹೊಳೆಗೆ ಬಿದ್ದ ಗೆಳೆಯ

...ಅಥವಾ ನಾವು ಆ ಸಿನಿಮಾ ನೋಡಿದ್ದು ಹಾನಗಲ್ಲಿನ ಟಾಕೀಸಿನಲ್ಲಿ ಅಲ್ಲವೇನೋ, ಶಿಗ್ಗಾವಿಯದರಲ್ಲಿರಬಹುದು. ಪರದೆಯ ಮೂಲೆಯಲ್ಲಿ ಹೊಲಿಗೆ ಇದ್ದದ್ದು ನೆನಪಿದೆ. ನೆನಪಿಗೇನು, ಅದು ಎಲ್ಲಿ ಬೇಕಾದರೂ ಹೊಲಿಗೆ ಹಾಕುತ್ತದೆ. ನನ್ನ ಸೋದರಮಾವನ ವಿಷಯ ಮಾತ್ರ ಖಾತ್ರಿ: ಹೆಂಡತಿಗೆ ಸಿನಿಮಾ ತೋರಿಸುವ ಮೊದಲು ತಾನು ಹೋಗಿ ಪರೀಕ್ಷಿಸಿ ಬರುವ ಗಂಡ ಸುತ್ತಲಿನ ನಾಲ್ಕು ತಾಲೂಕುಗಳಲ್ಲಿ ಇನ್ನೊಬ್ಬನಿಲ್ಲ!

ಕಾರಣವಿತ್ತು. ಮದುವೆಯಾದ ಹೊಸತರಲ್ಲಿ ಮಾವ, ಅತ್ತೆ ಸವಣೂರಿನಲ್ಲಿ ಒಂದು ಸಾಹಸದ ಸಿನಿಮಾ ನೋಡಿದ್ದರು. ನಿಧಿ ಹುಡುಕುವ ನಾಯಕ, ಜೊತೆಗೊಬ್ಬ ತುಂಟ ಗೆಳೆಯ. ಗೆಳೆಯ ಹಗ್ಗದ ಸೇತುವೆಯಿಂದ ಹೊಳೆಗೆ ಬಿದ್ದದ್ದೇ ತಡ, ಅತ್ತೆ ಅಳುತ್ತ ಹೊರಗೆ ಹೋಗಿ ಕುಳಿತಳಂತೆ. ಮಾವ ಪೂರ್ತಿ ನೋಡಿ ಬಂದು, "ಅಂವ ಈಜಿ ದಂಡಿ ಹತ್ತಿದ, ಏಳು" ಅಂದ. ಹತ್ತಿರಲಿಲ್ಲ. ಸತ್ತಿದ್ದ.

ಅಂದಿನಿಂದ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಅತ್ತೆಯ ಮಾತು ಒಂದೇ: "ಆ ಹುಡುಗ ಈಜಿ ಬರ್ಲಿಲ್ಲೇನು? ನೀನೂ ಏಳ್ತಿ." ತನ್ನ ಆಪರೇಷನ್ನಿನ ದಿನ ತನಗೂ ಅದನ್ನೇ ಹೇಳಿಕೊಂಡಳು. ಎದ್ದಳು ಕೂಡ.

ಇಷ್ಟು ವರ್ಷಗಳ ಮೇಲೆ ಆ ಸಿನಿಮಾದ ಎರಡನೆಯ ಭಾಗ ಬಂತು. "ಆ ಹುಡುಗ ಈಗ ಹೆಂಗ ಅದಾನ ನೋಡೂಣು, ನಡ್ರಿ" ಎಂದಳು ಅತ್ತೆ. ಮಾವ ಮರುದಿನವೇ ಏನೋ ನೆವ ಹೇಳಿ, ನನ್ನನ್ನು ಕಟ್ಟಿಕೊಂಡು ಪರೀಕ್ಷೆಗೆ ಹೊರಟ.

"ತಮ್ಮಾ, ಹೀರೋನ ಮಾರಿಗೆ ಇಸ್ತ್ರಿ ಮಾಡ್ಯಾರ ನೋಡು. ಮೊಣಕಾಲಿಗೆ ಮಾಡೂದು ಮರತಾರ," ಅಂದ ಮಾವ ಟಾಕೀಸಿನ ಕತ್ತಲಲ್ಲಿ.

ನಿಜ. ನಾಯಕ ಕುದುರೆ ಹತ್ತುವಾಗ ಕುದುರೆಗೂ ಪಾಪ ಅನ್ನಿಸಿತ್ತು. ಮೊಸಳೆ ರಬ್ಬರಿನದು. ಕಥೆ? ಹುಡುಕಿದರೆ ನಿಧಿಯೇ ಬೇಗ ಸಿಕ್ಕೀತು. ಆದರೆ ಹಳೆಯ ಆ ಸಂಗೀತ ಎದ್ದು, ನಾಯಕ ಕಣಿವೆ ಹಾರಿದಾಗ ಮಾವ ಕುರ್ಚಿಯ ತುದಿಗೆ ಬಂದಿದ್ದ. ತೇಲಿ ಬಂದ ಬೆಳಕಿನಲ್ಲಿ ಅವನ ಮುಖದಿಂದ ವರ್ಷಗಳು ಒಂದೊಂದಾಗಿ ಎದ್ದು ಹೋಗುತ್ತಿದ್ದವು. ನಾನಿನ್ನೂ ಹುಟ್ಟಿರದ ಯಾವುದೋ ಮಧ್ಯಾಹ್ನದಲ್ಲಿ ಅವನಿದ್ದ.

"ಭಾಳ ಕೆಟ್ಟ ಸಿನಿಮಾ," ಅಂದ ಕಣ್ಣು ಕೀಳದೆ. "ಇನ್ನೊಮ್ಮೆ ನೋಡಬೇಕು."

ನಾಯಕ ಮೊಸಳೆಯನ್ನು ಕೊಂದ ಹಿಂದೆಯೇ ಬಂತು ಆ ದೃಶ್ಯ: ನಾಯಕನ ಮನೆಯ ಗೋಡೆ, ಅದರ ಮೇಲೆ ಗೆಳೆಯನ ಫೋಟೋ, ಫೋಟೋಕ್ಕೆ ಹಾರ. ಮಾವ ಬಾಯಲ್ಲಿದ್ದ ಖಾರ ಅಗಿಯುವುದನ್ನು ನಿಲ್ಲಿಸಿದ.

ಎರಡು ದಿನ ಬಿಟ್ಟು ಮೂವರೂ ಹೋದೆವು. ಅತ್ತೆ ನಡುವೆ. ಮೊಸಳೆ ಸತ್ತದ್ದೇ ಮಾವ ಚಸ್ಮಾ ತೆಗೆದು ಕೈಯಾರೆ ಕೆಳಗೆ ಬಿಟ್ಟ.

"ಏ, ಚಸ್ಮಾ ಬಿತ್ತು! ಹುಡುಕ್ರಿ, ಲಗೂನ ಹುಡುಕ್ರಿ!"

ನಾನು ಬಗ್ಗಿದೆ. ಮಾವನೂ ಬಗ್ಗಿದ. ಸಿಕ್ಕ ಚಸ್ಮಾವನ್ನು ಅವನು ಕಾಲಿನಿಂದ ಮತ್ತೆ ದೂರ ತಳ್ಳಿದ. ಎದ್ದಾಗ ಪರದೆಯ ಮೇಲೆ ಮರುಭೂಮಿ ಬಂದಿತ್ತು.

ವಾಪಸು ಬರುವ ಬಸ್ಸಿನಲ್ಲಿ ಅತ್ತೆ ಕೇಳಿದಳು, "ಅಂವ ಯಾಕ ಬರ್ಲಿಲ್ರಿ?"

"ಅಂವಾ? ಸಾಹಸ ಸಾಕಂತ ಬಿಟ್ಟಾನ. ಹಂಸಭಾವಿ ಕಡೆ ಹೊಲಾ ಮಾಡಾಕತ್ತಾನಂತ."

"ಹೌದೇನು. ಚಲೋ ಆತು ಬಿಡ್ರಿ."

ಅತ್ತೆ ಕಿಟಕಿಯ ಕಡೆ ತಿರುಗಿ, ಮಾವನ ಕೈಯನ್ನು ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಊರು ಬರುವವರೆಗೂ ಬಿಡಲಿಲ್ಲ.

ಚಸ್ಮಾ ಹುಡುಕುವಾಗ ಅತ್ತೆಯೂ ನಮ್ಮ ಜೊತೆ ಬಗ್ಗಿದ್ದಳೋ, ಪರದೆಯನ್ನೇ ನೋಡುತ್ತಿದ್ದಳೋ, ನನಗೆ ಗೊತ್ತಿಲ್ಲ.