ರಾಣಿಯ ಮೂಗು ಮತ್ತು ನನ್ನ ಸಹಿ

ಹೆಮ್ಮೆ ಪಡಲು ದೊಡ್ಡ ಸಾಧನೆಯೇ ಬೇಕೆಂದಿಲ್ಲ. ನಮ್ಮ ಜಯನಗರದ ಬೀದಿಯಲ್ಲಿ ಒಬ್ಬರು ಮಗಳ ಮಾರ್ಕ್ಸಿನ ಬಗ್ಗೆ, ಇನ್ನೊಬ್ಬರು ಟೆರೇಸಿನಲ್ಲಿ ಬೆಳೆಸಿದ ದಾಳಿಂಬೆಯ ಬಗ್ಗೆ ಎದೆಯುಬ್ಬಿಸುತ್ತಾರೆ. ನಾನು ಎದೆಯುಬ್ಬಿಸುವುದು ಒಂಟೆಯ ಮೂಗಿನ ಬಗ್ಗೆ. ಪಶುವೈದ್ಯನಾಗಿ ಇಷ್ಟು ವರ್ಷ ಹಸು, ನಾಯಿಗಳನ್ನೇ ನೋಡಿದವನಿಗೆ ಒಂಟೆ ಸಿಕ್ಕಿದ್ದು ಬಡ್ತಿ ಸಿಕ್ಕಷ್ಟೇ ಖುಷಿ ಕೊಟ್ಟಿತೆಂದು ನಾಚಿಕೆ ಬಿಟ್ಟು ಹೇಳುತ್ತೇನೆ.

ಅದು ಸಿಕ್ಕಿದ್ದು ನನ್ನ ಹೆಂಡತಿಯ ಅಣ್ಣ ಮುನಿರಾಜಣ್ಣನವರ ದೆಸೆಯಿಂದ. ಬೇಗೂರಿನಲ್ಲಿ ಹಿಂದೆ ರಾಗಿ ಬೆಳೆಯುತ್ತಿದ್ದವರು ಈಗ ಬಾಡಿಗೆ ಮನೆಗಳನ್ನು ಬೆಳೆಯುತ್ತಾರೆ. ಮೊಮ್ಮಗನ ಹುಟ್ಟುಹಬ್ಬಕ್ಕೆ ಇಟ್ಟಮಡುವಿನ ರಹಮತ್ ಸಾಬರ ಸವಾರಿ ಒಂಟೆ ರಾಣಿಯನ್ನು ಗೊತ್ತು ಮಾಡಿದ್ದರು. ಅಷ್ಟರಲ್ಲಿ ರಾಣಿಗೆ ಮೂಗು ಸೋರತೊಡಗಿತು. "ಡಾಕ್ಟ್ರೇ, ಒಂಟೆಯಿಂದ ಮನುಷ್ಯರಿಗೆ ಬರೋ ಕೊರೊನಾನೂ ಒಂದಿದೆಯಂತಲ್ಲ? ಟೆಸ್ಟ್ ಮಾಡಿ ಕ್ಲಿಯರ್ ಅಂತ ಪೇಪರ್ ಬಂದ್ರೆ ಮಾತ್ರ ಗೇಟ್ ಒಳಗೆ ಬಿಡ್ತೀನಿ," ಎಂದು ಫೋನ್ ಮಾಡಿದರು.

ನಾನು ಇಟ್ಟಮಡುವಿಗೆ ಹೋದಾಗ ರಹಮತ್ ಸಾಬರ ಮುಖ ಬಾಡಿತ್ತು. "ಸಾರ್, ಇವಳಿಗೆ ಕಾಯಿಲೆ ಅಂತ ಒಂದ್ಸಲ ಸುದ್ದಿ ಹೋಯ್ತು ಅಂದ್ರೆ ಯಾರೂ ಮಕ್ಳನ್ನ ಹತ್ಸಲ್ಲ. ನಮ್ಮನೇಲಿ ಒಲೆ ಉರಿಯೋದು ಇವಳಿಂದ್ಲೇ." ನಾನು ಕನ್ನಡಕ, ಮಾಸ್ಕು, ಗವಸು ತೊಟ್ಟು ಪ್ಲಾಸ್ಟಿಕ್ ಸ್ಟೂಲ್ ಹತ್ತಿ, ಉದ್ದನೆಯ ಹತ್ತಿಕಡ್ಡಿಯನ್ನು ಮೂಗಿನೊಳಕ್ಕೆ ಇಳಿಸಿದೆ. ಉಪ್ಪಿಲ್ಲದ ಉಪ್ಪಿಟ್ಟು ಬಡಿಸಿದಾಗ ನಮ್ಮತ್ತೆ ನೋಡುವ ಹಾಗೆ ನನ್ನನ್ನು ನೋಡಿದ ರಾಣಿ, ಮುಖಕ್ಕೇ ಸೀನಿದಳು. ಆದರೂ ಕಡ್ಡಿ ಬಿಡಲಿಲ್ಲ. ಅದನ್ನು ಟ್ಯೂಬಿಗೆ ಹಾಕಿ, ಐಸ್ ಡಬ್ಬಿಯಲ್ಲಿಟ್ಟು ಲ್ಯಾಬಿಗೆ ಮುಟ್ಟಿಸಿದೆ.

ಆಮೇಲಾದರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. ದರ್ಶಿನಿಯಲ್ಲಿ ಕಾಫಿ ಹೀರುತ್ತ ಸಿಕ್ಕವರಿಗೆಲ್ಲ ರಾಣಿಯ ಫೋಟೋ ತೋರಿಸಿದೆ. ಸೀನಿನ ಪ್ರಸಂಗವನ್ನು ಅಭಿನಯಿಸಿಯೂ ತೋರಿಸಿದೆ. "ಈ ವೈರಸ್ ಇದ್ರೂ ಒಂಟೆ ಆರಾಮಾಗೇ ಕಾಣ್ಬಹುದು. ಟೆಸ್ಟ್ ಮಾಡಿದ್ರೇ ಗೊತ್ತಾಗೋದು," ಎಂದು ಜ್ಞಾನವನ್ನೂ ಹಂಚಿದೆ. ಕೇಳುತ್ತಿದ್ದವರು ಒಂದೊಂದೇ ಹೆಜ್ಜೆ ಹಿಂದೆ ಸರಿದರು. ಗೌರವದಿಂದ ಜಾಗ ಬಿಡುತ್ತಿದ್ದಾರೆಂದೇ ತಿಳಿದೆ.

ವರದಿ ಬಂತು. ವೈರಸ್ ಇಲ್ಲ, ಬರೀ ನೆಗಡಿ. ರಹಮತ್ ಸಾಬರು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತೇಬಿಟ್ಟರು. ಆ ಕ್ಷಣ ನನ್ನ ಕೆಲಸದ ಬಗ್ಗೆ ನನಗೆ ನಿಜವಾಗಿಯೂ ಹೆಮ್ಮೆಯೆನಿಸಿತು.

ನೆಗಡಿ ವಾಸಿಯಾಗಿ ಹುಟ್ಟುಹಬ್ಬವೂ ಬಂತು. ಕೊರಳಲ್ಲಿ ಸೇವಂತಿಗೆ ಹಾರ, ಅದರ ಪಕ್ಕದಲ್ಲಿ ಲ್ಯಾಮಿನೇಟ್ ಮಾಡಿಸಿದ ವರದಿ ತೂಗಿಸಿಕೊಂಡು ರಾಣಿ ಬಂದಳು. ಮನೆಯವರು ಆರತಿ ಎತ್ತಿ ಒಳಗೆ ಕರೆದರು. ಹಿಂದೆಯೇ ಹೊರಟ ನನ್ನನ್ನು ಮುನಿರಾಜಣ್ಣ ಗೇಟಿನಲ್ಲೇ ತಡೆದರು.

"ಬೇಜಾರ್ ಮಾಡ್ಕೋಬೇಡಿ ಡಾಕ್ಟ್ರೇ. ಒಂಟೆ ನಿಮ್ಮ ಮುಖಕ್ಕೇ ಸೀನ್ತಂತೆ. ಊರೆಲ್ಲಾ ಅದೇ ಮಾತು."

"ಅಯ್ಯೋ, ಅದಕ್ಕೆ ಏನೂ ಇಲ್ಲ ಅಂತ ಪೇಪರ್ ತಂದ್ಕೊಟ್ಟಿದ್ದೇ ನಾನಲ್ವಾ!"

"ಒಂಟೆ ಪೇಪರ್ ಇದೆ. ನಿಮ್ದೆಲ್ಲಿ?"

ಗೇಟಿನ ಹೊರಗೆ ಕುರ್ಚಿ ಹಾಕಿಸಿ, ಕೇಸರಿಬಾತ್ ಕಳಿಸಿಕೊಟ್ಟರು. ಮೊಮ್ಮಗನನ್ನು ಹೊತ್ತ ರಾಣಿ ಗೇಟಿನ ಹತ್ತಿರ ಬಂದಾಗ ತಡೆಯಲಾರದೆ ಪಕ್ಕದಲ್ಲಿದ್ದ ವಾಚ್‌ಮನ್‌ಗೆ ಹೇಳಿದೆ: "ಕೊರಳಲ್ಲಿರೋ ಪೇಪರ್ ನೋಡಪ್ಪ. 'ಮಾದರಿ ಸಂಗ್ರಹಿಸಿದವರು' ಅಂತ ಇದೆಯಲ್ಲ, ಅಲ್ಲಿರೋದು ನನ್ನ ಸಹಿ."

ಅವನು ಕಣ್ಣು ಕಿರಿದು ಮಾಡಿ ಓದಿದ. ಆಮೇಲೆ ತನ್ನ ಕುರ್ಚಿಯನ್ನು ಎರಡಡಿ ದೂರಕ್ಕೆ ಎಳೆದುಕೊಂಡ. ನಾನು ಸಿಕ್ಕ ಜಾಗದಲ್ಲಿ ಕಾಲು ಚಾಚಿ, ಇನ್ನಷ್ಟು ಎದೆಯುಬ್ಬಿಸಿ ಕುಳಿತೆ.